ಅರ್ಲ್ ಪದವಿಯಲ್ಲಿ ತಮ್ಮನಿಗೂ ಭಾಗ

ಮನೆತನದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಹೊರಮಾವಿನ ಪಟೇಲರ ಮನೆ ನಮ್ಮದು. ಅಪ್ಪ ಪಟೇಲರು, ಅವರಾದ ಮೇಲೆ ಅಣ್ಣ ಪಟೇಲರು. ಕಮರ್ಷಿಯಲ್ ಸ್ಟ್ರೀಟ್ ಪಕ್ಕದ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ನನ್ನನ್ನೂ ಯಜಮಾನರು ಸೇರಿ ಎಲ್ಲರೂ ‘ಪಟೇಲರೇ’ ಎಂದೇ ಕರೆಯುತ್ತಿದ್ದರು. ಯುದ್ಧ ಮುಗಿದ ಆ ವರ್ಷ ಯಜಮಾನರಾದ ಮುದಲಿಯಾರರು ನನ್ನನ್ನು ಫೋರ್‌ಮನ್ ಮಾಡುವವರಿದ್ದರು. ಕಾಕ್ಸ್ ಟೌನಿನ ಮುದಿ ದೊರೆಯ ಮಗಳ ಮದುವೆ ಕಾರ್ಡು ಚೆನ್ನಾಗಿ ಬಂದರೆ ಸಾಕು ಎಂದಿದ್ದರು.

ಕರಡಚ್ಚು ತೋರಿಸಲು ನಾನೇ ಹೋದೆ. ದೊರೆ ಅದಕ್ಕೆ ಸಹಿ ಹಾಕಿ, ಚಹಾ ಕೊಟ್ಟು, ವಂಶದ ಕಥೆ ಹೇಳಿದರು. ತಂದೆ ಇಂಗ್ಲೆಂಡಿನಲ್ಲಿ ಅರ್ಲ್ ಆಗಿದ್ದರಂತೆ, ನಮ್ಮ ಪಾಳೆಯಗಾರರ ಹಾಗೆ. ಈಗ ಅಣ್ಣ ಅರ್ಲ್. ಇವರು? ಹೆಸರಿನ ಹಿಂದೆ ಬರೀ ‘ಆನರಬಲ್’, ಮಿಸ್ಟರ್‌ಗಿಂತ ಕೂದಲೆಳೆಯಷ್ಟು ಮೇಲೆ! ಕಾರ್ಡಿನಲ್ಲಿ ಅದೂ ಬೇಡ, ಬರೀ ಹೆಸರು ಸಾಕು ಎಂದರು.

ಅಯ್ಯೋ ಪಾಪ ಅನ್ನಿಸಿತು. ಅಣ್ಣ ಎಲ್ಲವನ್ನೂ ನುಂಗಿಬಿಟ್ಟಿದ್ದಾನೆ, ಈ ಬಡಪಾಯಿಗೆ ಭಾಗವೇ ಸಿಕ್ಕಿಲ್ಲ! ಮನೆಗೆ ಬಂದು ಹೆಂಡತಿಗೆ ಹೇಳಿದೆ.

“ನಿಮಗ್ಯಾಕ್ರೀ ಊರ ಉಸಾಬರಿ? ಅವರು ಕೊಟ್ಟಂಗೆ ಅಚ್ಚು ಹಾಕ್ಬಿಡಿ” ಎಂದಳು.

ಇವಳಿಗೇನು ಗೊತ್ತು ವಂಶದ ಮರ್ಯಾದೆ ಎಂದುಕೊಂಡೆ. ಮರುದಿನ ದೊರೆಯ ಹೆಸರಿಗೆ ದಪ್ಪಕ್ಷರದಲ್ಲಿ ‘ಅರ್ಲ್’ ಎಂದು ಸೇರಿಸಿದೆ. ಸಹಿಯಾದ ಕರಡಚ್ಚು ಇದ್ದುದರಿಂದ ಯಜಮಾನರು ಮತ್ತೆ ನೋಡಲಿಲ್ಲ. ದೊರೆ ಕೊಟ್ಟ ವಿಳಾಸಗಳಿಗೆ ನಾನೇ ಅಂಚೆಗೆ ಹಾಕಿದೆ.

ಮೂರನೆಯ ದಿನ ದೊರೆಯ ಬಂಗಲೆ ಮುಂದೆ ಜಟಕಾಗಳು ಸಾಲುಗಟ್ಟಿದವು. ಇಳಿದವರೆಲ್ಲ ಕಪ್ಪು ಬಟ್ಟೆಯವರು! ಕೈಯಲ್ಲಿ ಗೋರಿಗೆ ಇಡುವಂಥ ಹೂವಿನ ಚಕ್ರಗಳು! ಮದುವೆ ಮುಂದೂಡೋಣವೇ ಎಂದು ಪಾದ್ರಿಗಳು ಕೇಳಿದರಂತೆ. ಇಂಗ್ಲಿಷರಲ್ಲಿ ಆ ಪದವಿ ಒಬ್ಬನಿಗೇ. ತಮ್ಮ ಅರ್ಲ್ ಆದನೆಂದರೆ ಅಣ್ಣ ತೀರಿಕೊಂಡನೆಂದೇ ಲೆಕ್ಕ. ಭಾಗ ಕೊಡಿಸಲು ಹೋಗಿ ನಾನು ಒಬ್ಬ ಅರ್ಲನನ್ನು ಕೊಂದಿದ್ದೆ.

ದೊರೆ ಪ್ರೆಸ್ಸಿಗೇ ಬಂದರು. ಅವರು ಕೂಗಾಡಲಿಲ್ಲ, ಯಾಕೆ ಹೀಗೆ ಮಾಡಿದೆ ಎಂದಷ್ಟೇ ಕೇಳಿದರು. ನಮ್ಮಲ್ಲಿ ಪಟೇಲರ ಮಕ್ಕಳೆಲ್ಲ ಪಟೇಲರೇ, ನಾನೂ ಹಾಗೆಯೇ ಎಂದೆ. ಊರಿನ ನ್ಯಾಯ ಹೇಳುವವರು ಯಾರು ಎಂದರು. ಅಣ್ಣ. ಸರ್ಕಾರದ ಕಾಗದಕ್ಕೆ ರುಜು ಹಾಕುವವರು? ಅದೂ ಅಣ್ಣನೇ. ದೊರೆ ನನ್ನ ಹೆಗಲ ಮೇಲೆ ಕೈಯಿಟ್ಟು, ಹಾಗಾದರೆ ನಾವಿಬ್ಬರೂ ಒಂದೇ ಎಂದು ಹೇಳಿ ಹೊರಟುಹೋದರು.

ಕಾರ್ಡು ಮತ್ತೆ ಅಚ್ಚಾಯಿತು, ಮದುವೆಯೂ ನಡೆಯಿತು. ಫೋರ್‌ಮನ್ ಕೆಲಸ ಮಾತ್ರ ಬೇರೆಯವನಿಗೆ ಹೋಯಿತು. ಅಂದಿನ ಮಾತನ್ನೆಲ್ಲ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದ ಮುದಲಿಯಾರರು ಮರುದಿನ ಬೆಳಿಗ್ಗೆ ನನ್ನನ್ನು ಕರೆದರು.

“ಏನ್ ಮುನಿಯಪ್ಪ, ಆ ಮೊಳೆ ಎಲ್ಲಾ ತೊಳೆದಿಡು.”

ಪಟೇಲರು ಹೊರಮಾವಿನಲ್ಲಿದ್ದರು. ನಾನು ಎದ್ದು ಹೋಗಿ ಮೊಳೆ ತೊಳೆದೆ.