ಮೂರನೇ ಮಗುವಿನ ಹೊಕ್ಕುಳು

ಒಂದೇ ಒಂದು ಹನಿ ಅಂಟು. ನೆಲಕ್ಕೆ ಬೀಳಬಹುದಿತ್ತು, ಕಿಲಿಯಾನನ ಗಡ್ಡಕ್ಕೆ ಬೀಳಬಹುದಿತ್ತು. ಹೋಗಿ ಹೋಗಿ ಬೆಳ್ಳಿ ಮಗುವಿನ ಹೊಕ್ಕುಳಿಗೇ ಬಿತ್ತು.

ಔಗ್ಸ್‌ಬುರ್ಗಿನ ಬಡಗಿ ಕಿಲಿಯಾನ್ ಎರಡು ವರ್ಷ ಕೂತು ಮಾಡಿದ ಕರಿಮರದ ಬೀರು ಅದು. ಆಮೆಚಿಪ್ಪಿನ ಬಾಗಿಲು, ದಂತದ ಬಳ್ಳಿ, ನಲವತ್ತು ಖಾನೆ, ನೆತ್ತಿಯ ಮೇಲೆ ಸಾಲಾಗಿ ಕೂತ ರೆಕ್ಕೆಯ ಏಳು ಬೆಳ್ಳಿ ಮಕ್ಕಳು. ಮೂರನೇ ಮಗುವಿನ ಹೊಕ್ಕುಳು ಒತ್ತಿದರೆ ನಲವತ್ತೊಂದನೆಯ ಗುಟ್ಟಿನ ಖಾನೆ ನಾಲಿಗೆ ಚಾಚಿದ ಹಾಗೆ ಹೊರಬರುತ್ತಿತ್ತು. ನಿನ್ನೆಯವರೆಗೆ.

ಇವತ್ತು ಮಧ್ಯಾಹ್ನ ಹೋಹೆನ್‌ಟಾನ್ ದೊರೆ ಬೀರು ನೋಡಲು ಬರುವವನಿದ್ದ. ಜೊತೆಗೆ ಬಡಗಿ ಸಂಘದ ಹಿರಿಯ ಎಂಡ್ರೆಸ್, ಮುದ್ರೆ ಸಮೇತ. ದೊರೆ ಮೆಚ್ಚಿದರೆ ಬೀರಿಗೆ ಮುದ್ರೆ. ಮುದ್ರೆ ಬಿದ್ದರೆ ಕಿಲಿಯಾನ್ ಮೇಸ್ತ್ರಿ. ಮೇಸ್ತ್ರಿಯಾಗದೆ ಮದುವೆಯಾಗುವಂತಿಲ್ಲ, ಸಂಘದ ಕಟ್ಟಳೆ. ತಾನು ದುಡಿಯುವ ಕಾರ್ಖಾನೆಯ ಒಡತಿ, ವಿಧವೆ ಅಪೊಲೋನಿಯಾಳಿಗೆಂದು ತಂದ ಉಂಗುರ ಆ ಗುಟ್ಟಿನ ಖಾನೆಯಲ್ಲೇ ಇತ್ತು. ಮುದ್ರೆ ಬಿದ್ದ ಕೂಡಲೇ ಎಲ್ಲರೆದುರು ಹೊಕ್ಕುಳು ಒತ್ತಬೇಕು, ಅವಳು ಬಾಯಿಮೇಲೆ ಕೈಯಿಟ್ಟುಕೊಳ್ಳಬೇಕು!

ಬೆಳಿಗ್ಗೆ ಕೊನೆಯ ಸಲ ಒತ್ತಿ ನೋಡಿದ. ಮಗು ನಗುತ್ತಲೇ ಇತ್ತು. ಖಾನೆ ಬರಲಿಲ್ಲ.

"ಹಂದಿಕೊಬ್ಬು ಸವರೋ ತಮ್ಮ, ನಮ್ಮನೆ ಬಾಗಿಲು ಹಂಗೇ ಬಿಟ್ಕೊಂಡಿದ್ದು," ಎಂದು ಕಿಟಕಿಯಿಂದ ಇಣುಕಿದಳು ಪಕ್ಕದ ರೊಟ್ಟಿಯಂಗಡಿಯ ವಾಲ್ಬುರ್ಗಾ. ಸವರಿದ. ಮಗು ಮಿಂಚಿತು, ಅಷ್ಟೇ.

"ಕೊಬ್ಬಲ್ಲ ಕಣಮ್ಮ, ಬಿಸಿ ಕೊಡ್ಬೇಕು!" ಎಂದು ಒಳಗೇ ನುಗ್ಗಿದ ಎದುರುಮನೆಯ ಗಡಿಯಾರದ ಗೆಯೋರ್ಗ್. ಮೇಣದಬತ್ತಿ ಹಿಡಿದ. ಕೊಬ್ಬು ಕರಗಿ ಏಳೂ ಮಕ್ಕಳು ಬೆವೆತರು, ಕೋಣೆಯೆಲ್ಲ ಹುರಿದ ಹಂದಿಯ ವಾಸನೆ.

ಆಗಲೇ ದೊರೆ ಬಂದ. ಮೂಗರಳಿಸಿದ. ಗುಟ್ಟಿನ ಖಾನೆ ತಾನೇ ಹುಡುಕುವೆನೆಂದು ಖಾನೆಗಳನ್ನೆಲ್ಲ ಎಳೆದ, ತಳ ತಡವಿದ, ಕೊನೆಗೆ ರೇಶಿಮೆ ಚಡ್ಡಿಯಲ್ಲೇ ಮಂಡಿಯೂರಿ ಬೀರಿಗೆ ಕಿವಿಯಿಟ್ಟ.

"ಸಿಗ್ತಿಲ್ವಲ್ಲೋ! ಎಲ್ಲಿದೆ ಗುಟ್ಟು? ತೆಗ್ದು ತೋರ್ಸು."

ಕಿಲಿಯಾನ್ ಒತ್ತಿದ. ಮತ್ತೆ ಒತ್ತಿದ. "ಪ್ರಭು... ನನಗೂ ಬರ್ತಿಲ್ಲ."

ಎಂಡ್ರೆಸ್ ಮುದ್ರೆಯನ್ನು ಚೀಲಕ್ಕೆ ಇಳಿಸತೊಡಗಿದ. ದೊರೆಯ ಕಣ್ಣು ಮಾತ್ರ ಹಬ್ಬದ ದೀಪದಂತೆ ಹೊತ್ತಿಕೊಂಡಿತು.

"ಮಾಡಿದವನಿಗೇ ತೆಗೆಯೋಕ್ಕಾಗಲ್ವ? ನನ್ ಅರಮನೇಲಿ ಹನ್ನೆರಡು ಬೀರು ಇವೆ, ಎಲ್ಲದರ ಗುಟ್ಟೂ ನನ್ ಅಡುಗೆಯವನಿಗೂ ಗೊತ್ತು. ಗುಟ್ಟು ಅಂದ್ರೆ ಇದು! ಹಾಕ್ರಿ ಹಿರಿಯರೇ ಮುದ್ರೆ!"

ಉಂಗುರ ಹೋದರೆ ಹೋಗಲಿ, ಮೇಸ್ತ್ರಿಯಂತೂ ಆದೆ ಎಂದುಕೊಂಡ ಕಿಲಿಯಾನ್. ಎಂಡ್ರೆಸ್ ಮುದ್ರೆಯನ್ನು ಬೀರಿಗೆ ಆನಿಸಿ ಹಿಡಿದು ಸುತ್ತಿಗೆ ಎತ್ತಿದ.

"ಸರೀರಿ, ಸರೀರಿ, ಸೂಪು ಸುಡ್ತಿದೆ!" ದೊರೆಗೆಂದು ಕಡುಬಿನ ಸೂಪಿನ ಪಾತ್ರೆ ಹಿಡಿದು ಅಪೊಲೋನಿಯಾ ನುಗ್ಗಿದಳು. ದಾರಿ ಕಿರಿದು, ಸೊಂಟ ಅಗಲ. ಬೀರಿಗೆ ಧಡ್ ಎಂದು ತಾಗಿತು.

ನಲವತ್ತೊಂದನೆಯ ಖಾನೆ ಪಟ್ಟನೆ ಹೊರಬಂತು.

ದೊರೆಯ ಮುಖ ತಣ್ಣಗಾದ ಸೂಪಿನಂತಾಯಿತು. "ಸೂಪು ತರೋರ ಸೊಂಟಕ್ಕೂ ಗೊತ್ತಿರೋದು ಗುಟ್ಟೇನಯ್ಯ?" ಟೊಪ್ಪಿಗೆ ಎತ್ತಿಕೊಂಡು ನಡೆದೇಬಿಟ್ಟ. ಹಿಂದೆಯೇ ಎಂಡ್ರೆಸ್: "ಇನ್ನೊಂದು ಬೀರು ಮಾಡ್ಕೊಂಡು ಬಾರಯ್ಯ. ಎರಡು ವರ್ಷ ಏನ್ ಮಹಾ."

ಅಪೊಲೋನಿಯಾ ಖಾನೆಯಿಂದ ಉಂಗುರ ಎತ್ತಿದಳು. "ಯಾರಿಗೆ ಇದು?"

"ನಿಮಗೇ," ಎಂದ ಕಿಲಿಯಾನ್ ನೆಲ ನೋಡುತ್ತ.

ತೊಟ್ಟು ನೋಡಿದಳು. ಅಳತೆ ಸರಿಯಾಗಿತ್ತು. ಅವಳ ಕೆನ್ನೆ ಕೆಂಪಾಯಿತು. "ಎರಡು ವರ್ಷ ಕಾಯ್ತೀನಿ, ಬಿಡಿ. ಅಲ್ಲೀವರ್ಗೂ ಇದು ನನ್ ಕೈಲಿದ್ರೆ ಆ ವಾಲ್ಬುರ್ಗಾ ಬೀದಿಗೆಲ್ಲ ಸಾರ್ತಾಳೆ. ಜೋಪಾನವಾಗಿರ್ಲಿ," ಎಂದು ಉಂಗುರ ಬಿಚ್ಚಿ, ಅಕ್ಕರೆಯಿಂದ ಖಾನೆಯಲ್ಲಿಟ್ಟು ಒಳಕ್ಕೆ ತಳ್ಳಿದಳು.

ಟಿಕ್.

"ಅಯ್ಯೋ, ಬೇಡ..." ಎಂದು ಕಿಲಿಯಾನ್ ಹೊಕ್ಕುಳು ಒತ್ತಿದ. ಮಗು ನಕ್ಕಿತು.

"ಸರೀರಿ ಅತ್ಲಾಗೆ," ಎಂದು ಅಪೊಲೋನಿಯಾ ಸೊಂಟದಿಂದ ಗುದ್ದಿದಳು. ಧಡ್. ಇನ್ನೊಂದು ಸಲ. ಧಡ್.

ಕಿಟಕಿಯಲ್ಲಿ ವಾಲ್ಬುರ್ಗಾಳ ತಲೆ ಕಾಣಿಸಿಕೊಂಡಿತು. "ಇನ್ನೊಂಚೂರು ಕೊಬ್ಬು ತರ್ಲಾ?"