ಎಂಟು ಮೊಳೆಗಳ ಇತಿಹಾಸ

ಈ ರಾದ್ಧಾಂತಕ್ಕೆಲ್ಲ ಕಾರಣ ಅರ್ಧ ಹೋಳು ನಿಂಬೆಹಣ್ಣು.

ಬೆಳಿಗ್ಗೆ ಕೆಲಸಕ್ಕೆ ಹೊರಟ ಏಣಿಯಣ್ಣನ ಕೈಗೆ ಅದನ್ನು ಕಾಗದದಲ್ಲಿ ಸುತ್ತಿ ಕೊಟ್ಟವಳು ಅವನ ಹೆಂಡತಿ. "ಆ ಹಿತ್ತಾಳೆ ಫಲಕಗಳನ್ನ ಇದರಲ್ಲಿ ಚೆನ್ನಾಗಿ ಉಜ್ಜಿ. ಇವತ್ತಾದ್ರೂ ನಿಮ್ಮ ಕೆಲಸ ಕಾಯಂ ಆಗ್ಲಿ" ಎಂದಿದ್ದಳು.

ಏಣಿಯಣ್ಣ ಸಂಗೀತ ಶಾಲೆಯೊಂದರ ನೌಕರ. ಬಲ್ಬು ಬದಲಾಯಿಸುವುದು, ಜೇಡರ ಬಲೆ ತೆಗೆಯುವುದು, ಗೋಡೆ ಗಡಿಯಾರಕ್ಕೆ ಕೀಲಿ ಕೊಡುವುದು, ಹೀಗೆ ಅವನ ಪಾಲಿನ ಕೆಲಸವೆಲ್ಲ ಏಣಿಯ ಮೇಲೆಯೇ ಇದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಏಣಿ ಶಾಲೆಯ ಕಾಯಂ ಆಸ್ತಿ. ಏಣಿಯಣ್ಣ ಮಾತ್ರ ಒಂಬತ್ತು ವರ್ಷದಿಂದ ತಾತ್ಕಾಲಿಕ. ಆ ದಿನ ಸಂಜೆ ನಾಲ್ಕಕ್ಕೆ ದೊಡ್ಡ ಮೇಡಂ ಬರುವವರಿದ್ದರು. ಅದೇ ಶಾಲೆಯಲ್ಲಿ ಎಂಟು ವರ್ಷ ಪಾಶ್ಚಾತ್ಯ ಸಂಗೀತದ ಇತಿಹಾಸ ಕಲಿಸಿ, ಈಗ ನೇಮಕಾತಿ ಸಮಿತಿಗೆ ಅಧ್ಯಕ್ಷೆಯಾದವರು. ಶಾಲೆ ಸುತ್ತಿ ನೋಡಿ, ಮನಸ್ಸಿಗೆ ಬಂದರೆ ಅವನ ಕಾಗದಕ್ಕೆ ಸಹಿ ಹಾಕುತ್ತಾರೆ.

ಶಾಲೆಯ ಉದ್ದನೆಯ ಪಡಸಾಲೆಯಲ್ಲಿ ಎಂಟು ಸಂಗೀತಕಾರರ ಪಟಗಳಿದ್ದವು. ಒಂದೊಂದರ ಕೆಳಗೂ ಹೆಸರು ಮತ್ತು ಹುಟ್ಟು ಸಾವಿನ ಇಸವಿ ಕೊರೆದ ಹಿತ್ತಾಳೆ ಫಲಕ. ಏಣಿಯಣ್ಣ ಕೆಲಸಕ್ಕೆ ಸೇರಿದ ವಾರ ಗೋಡೆಗೆ ಸುಣ್ಣ ಹೊಡೆಸಿದ್ದು ಬಿಟ್ಟರೆ ಆಮೇಲೆ ಅವನ್ನು ಯಾರೂ ಮುಟ್ಟಿರಲಿಲ್ಲ. ಅವನು ಫಲಕಗಳ ತಿರುಪು ಬಿಚ್ಚಿ ಬಕೆಟ್ಟಿಗೆ ಹಾಕಿ ಉಜ್ಜಿದ. ಹೇಗೂ ಏಣಿ ಹತ್ತಿದ್ದಾಯಿತಲ್ಲ ಎಂದು ಪಟಗಳನ್ನೂ ಇಳಿಸಿ ಗಾಜು ಒರೆಸಿದ. ಹತ್ತೂವರೆಗೆ ಎಂಟು ಫಲಕಗಳೂ ಹೊಳೆದವು, ಎಂಟು ಗಾಜುಗಳೂ ಹೊಳೆದವು. ಮರುಕ್ಷಣ ಅವನ ತಲೆಗೂ ಒಂದು ವಿಷಯ ಹೊಳೆಯಿತು. ಯಾವ ಹೆಸರು ಯಾವ ಮುಖದ್ದು?

ಫಲಕಗಳನ್ನು ಇಸವಿಯ ಪ್ರಕಾರ ಜೋಡಿಸುವುದು ಕಷ್ಟವಾಗಲಿಲ್ಲ. ಬಾಖ್, ಹ್ಯಾಂಡೆಲ್, ಹೇಡನ್, ಮೊಜಾರ್ಟ್, ಬೀಥೋವನ್, ಶೂಬರ್ಟ್, ಬ್ರಾಮ್ಸ್, ಸ್ಟ್ರಾವಿನ್ಸ್ಕಿ. ಮೊದಲಿನ ಇಬ್ಬರು ಹುಟ್ಟಿದ್ದೂ ಒಂದೇ ವರ್ಷ. ಗೋಡೆಗೆ ಒರಗಿ ಕೂತ ಎಂಟು ಮುಖಗಳು ಮಾತ್ರ 'ನಮ್ಮನ್ನೇನು ಕೇಳ್ತೀಯ' ಎನ್ನುವಂತೆ ಅವನನ್ನೇ ದುರುಗುಟ್ಟಿ ನೋಡುತ್ತಿದ್ದವು. ಪ್ರಿನ್ಸಿಪಾಲರನ್ನು ಕೇಳೋಣವೆಂದರೆ ಅವರು ಹೂಗುಚ್ಛ ತರಲು ಹೋಗಿದ್ದರು.

ಪಕ್ಕದ ಕೋಣೆಯಲ್ಲಿ ಪಿಯಾನೊ ಶ್ರುತಿ ಮಾಡುತ್ತಿದ್ದ ಮುದುಕರ ಹತ್ತಿರ ಓಡಿದ. ನಲವತ್ತು ವರ್ಷದಿಂದ ಅದೇ ಕಸುಬು ಅವರದು. ಅವರು ಬಂದು ಎಂಟು ಪಟಗಳ ಮುಂದೆಯೂ ನಿಂತು, ಕೊನೆಗೆ ತಲೆಯಾಡಿಸಿದರು.

"ಇವರನ್ನೆಲ್ಲ ನಾನು ಕಣ್ಣಲ್ಲಿ ನೋಡಿದವನಲ್ಲಪ್ಪ, ಕಿವೀಲಿ ಕೇಳಿದವನು. ಒಬ್ಬೊಬ್ಬರದೂ ಎರಡೆರಡು ನಿಮಿಷ ನುಡಿಸು, ಯಾರು ಅಂತ ಥಟ್ಟನೆ ಹೇಳ್ತೀನಿ."

"ನುಡಿಸೋಕೆ ಬಂದಿದ್ರೆ ನಾನ್ಯಾಕೆ ಏಣಿ ಹೊರ್ತಿದ್ದೆ ಯಜಮಾನ್ರೆ?"

"ಅದೂ ಸರಿಯೇ" ಎಂದು ಅವರು ಪಿಯಾನೊ ಕಡೆ ನಡೆದರು.

ಅಷ್ಟರಲ್ಲಿ ವಯೊಲಿನ್ ಟೀಚರಮ್ಮ ತರಗತಿಗೆ ಓಡುತ್ತ ಬಂದರು. ಏಣಿಯಣ್ಣ ಅಡ್ಡ ನಿಂತ.

"ಪಟ ಇರೋ ಪುಸ್ತಕ ಒಂದಿದೆ. ಆದ್ರೆ ಅಲಮಾರಿ ಬೀಗದ ಕೈ ಪ್ರಿನ್ಸಿಪಾಲರ ಜೇಬಲ್ಲಿದೆ" ಎಂದರು ಟೀಚರಮ್ಮ. "ಕಾಲಮಾನ ಬೇಕಾದ್ರೆ ಹೇಳ್ತೀನಿ ಕೇಳು. ಮೊದಲು ಬರೋಕ್, ಅಲಂಕಾರವೇ ಅಲಂಕಾರ. ಆಮೇಲೆ ಕ್ಲಾಸಿಕಲ್, ಎಲ್ಲಾ ಹದ್ದುಬಸ್ತಿನಲ್ಲಿ. ಆಮೇಲೆ ರೊಮ್ಯಾಂಟಿಕ್, ಎಲ್ಲಾ ಉಕ್ಕಿ ಹರಿಯೋದು. ಕೊನೇಗೆ ಇಪ್ಪತ್ತನೇ ಶತಮಾನ, ಇದ್ದದ್ದನ್ನೆಲ್ಲ ಕಿತ್ತು ಹಾಕಿದ್ದು."

"ಈ ಎಂಟು ಜನಾನೂ ಕ್ಲಾಸಿಕಲ್ ಅಂತೀರಲ್ಲಮ್ಮ? ಮತ್ತೆ ಮಧ್ಯದೋರು ಮಾತ್ರ ಕ್ಲಾಸಿಕಲ್ ಹೇಗೆ?"

"ಅದು ಹಾಗೇ! ಅದನ್ನೆಲ್ಲ ಕೇಳಬಾರದು" ಎಂದು ಟೀಚರಮ್ಮ ಮಾಯವಾದರು.

ಏಣಿಯಣ್ಣ ಉಕ್ಕಿ ಹರಿಯುವವರಿಗಾಗಿ ಎಂಟು ಮುಖಗಳನ್ನೂ ಹುಡುಕಿದ. ಎಲ್ಲರಿಗೂ ಹಲ್ಲುನೋವು ಇದ್ದಂತೆ ಕಂಡಿತು. ಒಂದು ಗಂಟೆಯವರೆಗೆ ಪಟಗಳನ್ನು ಅತ್ತಿಂದಿತ್ತ ಸರಿಸಿದ, ಮತ್ತೆ ಇತ್ತಿಂದತ್ತ ಸರಿಸಿದ. ಕೊನೆಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಆಗ ಊಟದ ಡಬ್ಬಿ ಹಿಡಿದು ಬಂದವನು ಅವನ ಬಾಮೈದ. ಶಾಲೆಯ ಎದುರಿಗೇ ಸೆಲೂನ್ ಇಟ್ಟವನು. ಅವನು ಕತೆಯೆಲ್ಲ ಕೇಳಿ, ಪಟಗಳ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಟೀಚರಮ್ಮ ಏನಂದ್ರು, ಇನ್ನೊಂದ್ಸಲ ಹೇಳು ಭಾವ."

"ಮೊದಲು ಅಲಂಕಾರ. ಆಮೇಲೆ ಹದ್ದುಬಸ್ತು. ಆಮೇಲೆ ಉಕ್ಕಿ ಹರಿಯೋದು. ಕೊನೇಗೆ ಎಲ್ಲಾ ಕಿತ್ತು ಹಾಕಿದ್ದು."

ಬಾಮೈದ ತೊಡೆ ತಟ್ಟಿ ಎದ್ದ. "ಭಾವ, ಇದು ಸಂಗೀತ ಅಲ್ಲ, ತಲೆಗೂದಲು! ನೋಡು, ಹೆಗಲ ತನಕ ಸುರುಳಿ ಸುರುಳಿ ಟೋಪನ್ನು, ಇವರಿಬ್ಬರು ಅಲಂಕಾರ. ಇವರಿಬ್ಬರದು ಚಿಕ್ಕ ಟೋಪನ್ನು, ಹಿಂದಕ್ಕೆ ಬಾಚಿ ಕಟ್ಟಿದ್ದು. ಅದು ಹದ್ದುಬಸ್ತು. ಇವರು ಬಾಚಣಿಗೆ ಕಂಡೇ ಇಲ್ಲ, ಇವರದು ಗುಂಗುರು, ಇವರದು ಗಡ್ಡ. ಉಕ್ಕಿ ಹರೀತಿದೆ ನೋಡು. ಈ ಟೈ ಕಟ್ಟಿದೋರ ತಲೇಲಿ ಏನೂ ಉಳಿದಿಲ್ಲ. ಕಿತ್ತು ಹಾಕಿದ್ದಾಯ್ತು!"

ಏಣಿಯಣ್ಣನಿಗೆ ಹೋದ ಜೀವ ಬಂದಂತಾಯಿತು. ಇನ್ನು ಇಸವಿಗಳ ಲೆಕ್ಕ ನೋಡಿದರಾಯಿತು. ಮೊಜಾರ್ಟ್ ಮೂವತ್ತೈದಕ್ಕೇ ತೀರಿಕೊಂಡವರು, ಹೇಡನ್ ಎಪ್ಪತ್ತೇಳು ಬದುಕಿದವರು. ಹಾಗಾಗಿ ಚಿಕ್ಕ ಟೋಪನ್ನಿನ ಎಳೆ ಮುಖ ಒಬ್ಬರದು, ಹಳೆ ಮುಖ ಇನ್ನೊಬ್ಬರದು. ಗುಂಗುರು ಕೂದಲಿನ ಹುಡುಗು ಮುಖ ಮೂವತ್ತೊಂದಕ್ಕೆ ಹೋದ ಶೂಬರ್ಟರದು. ಕೆದರಿದ ತಲೆ ಬೀಥೋವನ್. ನರೆತ ಗಡ್ಡ ಅರವತ್ತು ದಾಟಿದ ಬ್ರಾಮ್ಸ್. ಬೋಳು ತಲೆ ಸ್ಟ್ರಾವಿನ್ಸ್ಕಿ. ಉಳಿದದ್ದು ದೊಡ್ಡ ಟೋಪನ್ನಿನ ಇಬ್ಬರು ದಪ್ಪನೆಯವರು. ಒಂದೇ ವರ್ಷ ಹುಟ್ಟಿದವರು.

ತರಗತಿ ಮುಗಿಸಿ ಬಂದ ಟೀಚರಮ್ಮನನ್ನು ಕೇಳಿದ. "ಬಾಖ್‌ಗೆ ಇಪ್ಪತ್ತು ಮಕ್ಕಳು. ಹ್ಯಾಂಡೆಲ್ ಮದುವೇನೇ ಆಗ್ಲಿಲ್ಲ. ನನಗೆ ಗೊತ್ತಿರೋದು ಅಷ್ಟೇ" ಎಂದರು.

ಏಣಿಯಣ್ಣ ಮೂರು ಮಕ್ಕಳ ತಂದೆ. ಇಬ್ಬರ ಮುಖವನ್ನೂ ಒಮ್ಮೆ ನೋಡಿದ, ಸಾಕಾಯಿತು. ಒಬ್ಬರು ಊಟ ಮಾಡಿ ನಿದ್ದೆ ಮುಗಿಸಿ ಎದ್ದಂತೆ ಹಾಯಾಗಿದ್ದರು. ಇನ್ನೊಬ್ಬರ ಹಣೆಯ ಮೇಲೆ ಇಪ್ಪತ್ತು ಮಕ್ಕಳೂ ಕಾಣುತ್ತಿದ್ದರು. ಏಣಿಯಣ್ಣ ಬಾಖ್ ಅವರನ್ನು ಎದೆಗವಚಿಕೊಂಡು ಏಣಿ ಹತ್ತಿದ.

ಮೂರೂವರೆಗೆ ಪ್ರಿನ್ಸಿಪಾಲರು ಬಂದರು, ಅಲಮಾರಿ ತೆರೆಯಿತು, ಪುಸ್ತಕ ಬಂತು. ಟೀಚರಮ್ಮ ಒಂದೊಂದೇ ಪುಟ ತಿರುಗಿಸಿ ಗೋಡೆಗೆ ತಾಳೆ ನೋಡಿದರು. ಎಂಟಕ್ಕೆ ಎಂಟೂ ಸರಿ! ಸೆಲೂನಿನಿಂದ ಮತ್ತೆ ಓಡಿಬಂದಿದ್ದ ಬಾಮೈದ ಕತ್ತರಿ ಹಿಡಿದ ಕೈಯೆತ್ತಿ ಎಲ್ಲರಿಗೂ ನಮಸ್ಕಾರ ಮಾಡಿದ. ಏಣಿಯಣ್ಣನಿಗೆ ತಾನೇ ಆ ಸಂಗೀತವನ್ನೆಲ್ಲ ಕಟ್ಟಿದಷ್ಟು ಸಂತೋಷವಾಯಿತು.

ಸರಿಯಾಗಿ ನಾಲ್ಕಕ್ಕೆ ದೊಡ್ಡ ಮೇಡಂ ಬಂದರು. ಫಲಕಗಳ ಹೊಳಪು ಕಂಡು ಮುಗುಳ್ನಕ್ಕರು. ನಾಲ್ಕನೆಯ ಪಟದ ಮುಂದೆ ಅವರ ನಗು ಆರಿತು.

"ಮೊಜಾರ್ಟ್ ಗಡ್ಡ ಎಲ್ಲಿ?"

ಮೇಡಂ ಪಟದ ಗಾಜಿನ ಮೇಲೆ ಬೆರಳಿಟ್ಟರು.

"ಮೂವತ್ತೈದಕ್ಕೇ ಹೋದ ಜೀವ. ದುಡಿದೂ ದುಡಿದೂ ಅಷ್ಟರಲ್ಲೇ ಗಡ್ಡವೆಲ್ಲ ಬೆಳ್ಳಗಾಗಿತ್ತು. ಎಂಟು ವರ್ಷ ಇದೇ ಜಾಗದಲ್ಲಿ ನಿಂತು ಮಕ್ಕಳಿಗೆ ಹೇಳಿದ್ದೀನಿ. ಅದರ ಮೇಲೆ ಪ್ರಬಂಧ ಬರೆದು ಬಹುಮಾನ ತಗೊಂಡಿದ್ದೀನಿ. ಯಾರಿದನ್ನ ಅದಲುಬದಲು ಮಾಡಿದ್ದು?"

ಪ್ರಿನ್ಸಿಪಾಲರು ಟೀಚರಮ್ಮನನ್ನು ನೋಡಿದರು. ಟೀಚರಮ್ಮ ಪುಸ್ತಕವನ್ನು ಮೆಲ್ಲಗೆ ಮುಚ್ಚಿ ಸೆರಗಿನೊಳಗೆ ಸೇರಿಸಿದರು. "ಹಳೇ ಮುದ್ರಣ ಮೇಡಂ. ಏನೋ ದೋಷ ಇರಬೇಕು."

"ಮೊದಲು ಹೇಗಿತ್ತೋ ಹಾಗೇ ಹಾಕಿಸಿ. ಆದ ದಿನ ಹೇಳಿ ಕಳಿಸಿ, ಬಂದು ಸಹಿ ಹಾಕ್ತೀನಿ" ಎಂದು ಮೇಡಂ ಹೊರಟರು.

ಏಣಿಯಣ್ಣ ಹಿಂದೆಯೇ ಓಡಿದ. "ಮೇಡಂ, ಮೊಜಾರ್ಟ್‌ಗೆ ಗಡ್ಡ, ಸರಿ. ಉಳಿದ ಏಳು ಜನ ಎಲ್ಲೆಲ್ಲಿದ್ರು?"

"ನೋಡಿದ್ರೆ ಗುರುತು ಹಿಡೀತೀನಪ್ಪ. ಹಾಗೇ ಹೇಳು ಅಂದ್ರೆ ಹೇಗೆ?"

ಮೇಡಂ ಹೋದರು, ಅವರ ಹಿಂದೆ ಹೂಗುಚ್ಛವೂ ಹೋಯಿತು. ಏಣಿಯಣ್ಣ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕುಸಿದು ಕೂತ. ಒಂಬತ್ತು ವರ್ಷದ ಹಿಂದಿನ ಆ ಸುಣ್ಣದ ದಿನ ಆಗ ನೆನಪಾಯಿತು. ಫಲಕಗಳು ಗೋಡೆಯಲ್ಲೇ ಇದ್ದವು, ಇಳಿಸಿದ್ದು ಪಟಗಳನ್ನಷ್ಟೇ. ಗೋಡೆ ಒಣಗಿದ ಮೇಲೆ ಕೈಗೆ ಯಾವುದು ಬಂತೋ ಅದನ್ನು ಕಂಡ ಮೊಳೆಗೆ ನೇತು ಹಾಕಿ ಬಂದವನು ಅವನೇ. ಮೇಡಂ ಪಾಠ ಶುರು ಮಾಡಿದ್ದು ಅದಾದ ಮೇಲೆ.

"ಯಾಕೆ ಭಾವ, ಮತ್ತೇನಾಯ್ತು?" ಎಂದ ಬಾಮೈದ.

"ಸರಿ ಮಾಡೋಕಾದ್ರೆ ಪುಸ್ತಕ ಇತ್ತು ಮಾರಾಯ. ಆ ತಪ್ಪನ್ನೇ ಮತ್ತೆ ತಪ್ಪದ ಹಾಗೆ ಮಾಡೋಕೆ ಯಾವ ಪುಸ್ತಕ ನೋಡ್ಲಿ?"

ಬಾಮೈದ ಬ್ರಾಮ್ಸ್ ಪಟದ ಮುಂದೆ ಹೋಗಿ ನಿಂತ. "ಗಡ್ಡದಿಂದ ಶುರು ಮಾಡೋಣ. ಅದೊಂದಾದ್ರೂ ಗೊತ್ತಲ್ಲ" ಎಂದ.

ಏಣಿಯಣ್ಣ ಎದ್ದು, ಬ್ರಾಮ್ಸ್ ಅವರನ್ನು ಕೆಳಗಿಳಿಸಿ ಕಂಕುಳಲ್ಲಿ ಇರುಕಿಕೊಂಡು, ಮೊಜಾರ್ಟ್ ಮೊಳೆಯ ಕಡೆಗೆ ಏಣಿ ಎಳೆದ.