ನಾನು ದ್ವೀಪದಲ್ಲಿ ಪಟ್ಟ ಕಷ್ಟ

ಕಷ್ಟಪಟ್ಟವರಿಗಿಂತ ಕಷ್ಟವನ್ನು ಚೆನ್ನಾಗಿ ಹೇಳಬಲ್ಲವರಿಗೇ ಲೋಕದಲ್ಲಿ ಮರ್ಯಾದೆ ಹೆಚ್ಚು. ನಿಜವಾಗಿ ಕಷ್ಟಪಟ್ಟವನು ಸುಸ್ತಾಗಿ ಮಲಗಿರುತ್ತಾನೆ. ಮಾತನಾಡಲು ಪುರಸೊತ್ತಿರುವುದು ನನ್ನಂಥವರಿಗೆ. ಸುಳ್ಳು ಹೇಳಬಾರದೆಂದು ಬೋಧಿಸುವುದೇ ನನ್ನ ಕಸುಬಾದ್ದರಿಂದ ಇದನ್ನು ಒಪ್ಪಿಕೊಳ್ಳಲು ಇಷ್ಟು ವರ್ಷ ಬೇಕಾಯಿತು. ನಾನು ಧಾರವಾಡದ ಕ್ರೈಸ್ತ ಮನೆತನದವನು. ಅರವತ್ತರ ದಶಕದ ಕೊನೆಯಲ್ಲಿ, ಇನ್ನೂ ಮೀಸೆ ಸರಿಯಾಗಿ ಬಲಿಯದ ವಯಸ್ಸಿನಲ್ಲಿ, ಮಿಷನ್ನಿನವರು ನನ್ನನ್ನು ಪೆಸಿಫಿಕ್ ಸಾಗರದ ಒಂದು ಪುಟ್ಟ ದ್ವೀಪಕ್ಕೆ ಎರಡು ವರ್ಷದ ಸೇವೆಗೆ ಕಳಿಸಿದರು. ಅದು ಮುಗಿದ ಮೇಲೆ ದೇವಶಾಸ್ತ್ರ ಓದಲು ಡಲ್ಲಾಸ್‌ಗೆ ಬಂದೆ.

ಆಗ ಟೆಕ್ಸಸ್‌ನ ಚರ್ಚುಗಳಲ್ಲಿ ದ್ವೀಪದಿಂದ ಬಂದ ಮಿಷನರಿಗೆ ಭಾರಿ ಬೇಡಿಕೆ. ಭಾನುವಾರ ಭಾಷಣ, ಆಮೇಲೆ ಊಟ. ಡ್ರೈವಿಂಗ್ ಬಾರದ ನನ್ನನ್ನು ಕರೆದೊಯ್ಯುತ್ತಿದ್ದವನು ನನ್ನ ರೂಮ್‌ಮೇಟ್ ಶ್ರೀಕಂಠ. ಮೈಸೂರಿನ ಬ್ರಾಹ್ಮಣರ ಹುಡುಗ, ಇಂಜಿನಿಯರಿಂಗ್ ಓದುತ್ತಿದ್ದ. ಅವನಿಗೆ ನನ್ನ ಬೋಧನೆಗಿಂತ ಅಲ್ಲಿಯ ಹೆಂಗಸರು ಮಾಡಿ ತರುತ್ತಿದ್ದ ಮೆಕ್ಕೆಜೋಳದ ಬ್ರೆಡ್ಡಿನ ಮೇಲೆ ಭಕ್ತಿ. ಆದರೂ ಹಿಂದಿನ ಬೆಂಚಿನಲ್ಲಿ ಕೂತು ನಾನು ಹೇಳುವುದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಡಲ್ಲಾಸ್‌ನ ಭಾಷಣದಲ್ಲಿ ನಾನು ದೋಣಿಯಿಂದ ಇಳಿದು ದಾಟಿದ ಸಮುದ್ರದ ನೀರು ಮೊಣಕಾಲಿನವರೆಗೆ ಇತ್ತು. ಹ್ಯೂಸ್ಟನ್ನಿನಲ್ಲಿ ಅದು ಎದೆಮಟ್ಟಕ್ಕೆ ಏರಿ, ಎರಡು ಶಾರ್ಕುಗಳೂ ಬಂದು ಸೇರಿಕೊಂಡವು. ವಾಪಸು ಬರುವಾಗ ಶ್ರೀಕಂಠ ಸ್ಟೀರಿಂಗ್ ಹಿಡಿದುಕೊಂಡೇ, "ಮುಂದಿನ ವಾರ ಆಸ್ಟಿನ್‌ನಲ್ಲಿ ಸ್ವಲ್ಪ ಹುಷಾರಾಗಿರಪ್ಪ. ನೀನು ಮುಳುಗಿಹೋದ್ರೆ ಮುಂದಿನ ಕಥೆ ಹೇಳೋಕೆ ಯಾರಿರ್ತಾರೆ?" ಎಂದ.

ನಿಜ ಸಂಗತಿ ಏನೆಂದರೆ, ಆ ನೀರನ್ನು ನಾನು ದಾಟಿದ್ದೇ ಇಲ್ಲ. ನನಗೆ ಈಜು ಬರುವುದಿಲ್ಲವೆಂದು ತಿಳಿದ ಒಬ್ಬ ಅಜ್ಜಿ ನನ್ನನ್ನು ಬೆನ್ನ ಮೇಲೆ ಹೊತ್ತು ದಡಕ್ಕೆ ಇಳಿಸಿದ್ದಳು. ಇನ್ನು ಅಲ್ಲಿಯ ಜನ ಮುತ್ತಾತನ ಕಾಲದಿಂದ ಕ್ರೈಸ್ತರು. ನಾನು ಕೀರ್ತನೆ ಹೇಳಿಕೊಡಲು ಹೋದರೆ ರಾಗ ತಪ್ಪಿತೆಂದು ಮಕ್ಕಳೇ ತಿದ್ದುತ್ತಿದ್ದರು. ಅಲ್ಲಿ ನಾನು ಮನಸ್ಸಿಟ್ಟು ಮಾಡಿದ ಕೆಲಸ ಒಂದೇ, ಊಟ. ನಮ್ಮ ಕಡೆ ಬಡ ಹುಡುಗರು ವಾರಾನ್ನ ಮಾಡಿಕೊಂಡು ಓದುತ್ತಿದ್ದರಲ್ಲ, ಹಾಗೆ ದಿನಕ್ಕೊಂದು ಮನೆಯಲ್ಲಿ ನನಗೆ ಊಟ. ಮನೆಯಲ್ಲಿ ಅಂದು ಬೇಯಿಸಿದ್ದನ್ನೆಲ್ಲ, ಮೀನು, ಗೆಣಸು, ಹಲಸಿನಂಥ ಒಂದು ಕಾಯಿ, ಎಲ್ಲವನ್ನೂ ಒಂದೇ ಎಲೆಯಲ್ಲಿ ತಂದು ಮುಂದಿಟ್ಟು ಮನೆಯವರು ದೂರ ಕೂರುತ್ತಿದ್ದರು. ಎಲೆಯಲ್ಲಿ ಅನ್ನ ಬಿಡುವುದು ಪಾಪವೆಂದು ನಮ್ಮವ್ವ ಬೆನ್ನಿಗೆ ಬಾರಿಸಿ ಕಲಿಸಿದ್ದಳು. ನಾನು ಕಣ್ಣಲ್ಲಿ ನೀರು ಬಂದರೂ ಬಿಡದೆ ಅಷ್ಟನ್ನೂ ಮುಗಿಸಿ ಏಳುತ್ತಿದ್ದೆ. ಇವರ ಉಪಚಾರ ನನ್ನನ್ನು ಕೊಲ್ಲುತ್ತದೆ ಎಂದು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ.

ಮೂರು ವಾರದ ಮೇಲೆ ಶಾಲೆಯ ಮಾಸ್ತರು ಸಂಕೋಚದಿಂದ ಒಂದು ಮಾತು ಹೇಳಿದರು. ಅಲ್ಲಿಯ ಪದ್ಧತಿಯಲ್ಲಿ ಅತಿಥಿ ಮೊದಲು ತನಗೆ ಬೇಕಾದಷ್ಟು ತಿನ್ನಬೇಕು, ಉಳಿದದ್ದೇ ಮನೆಮಂದಿಯ ಊಟ. ನಾನು ಎಲೆ ಖಾಲಿ ಮಾಡಿದ ಮನೆಗಳಲ್ಲಿ ಮಕ್ಕಳು ಎಳನೀರು ಕುಡಿದು ಮಲಗಿದ್ದವು. ಒಬ್ಬರೂ ಮುಖ ಸಿಂಡರಿಸಿರಲಿಲ್ಲ. ಅತಿಥಿಗೆ ಹಸಿವು ಹೆಚ್ಚು ಎಂದು ಮರುದಿನದ ಮನೆಯವರು ಇನ್ನೂ ಎರಡು ಮೀನು ಹೆಚ್ಚಿಗೆ ಹಿಡಿಯುತ್ತಿದ್ದರಂತೆ. ಅಂದು ನನಗಾದ ನಾಚಿಕೆ ಇವತ್ತಿಗೂ ಪೂರ್ತಿ ಹೋಗಿಲ್ಲ.

ಇಂಥವನು ಆಸ್ಟಿನ್‌ನಲ್ಲಿ ನಿಂತು ಬಿರುಗಾಳಿ, ಹಸಿವು, ಒಂಟಿತನವನ್ನು ಎಷ್ಟು ಸೊಗಸಾಗಿ ವರ್ಣಿಸಿದೆನೆಂದರೆ ಮುಂದಿನ ಸಾಲಿನ ಹೆಂಗಸರು ಕರವಸ್ತ್ರ ತೆಗೆದರು. ಭಾಷಣ ಮುಗಿಯುತ್ತಲೇ ಮಿಷನ್ ಸಮಿತಿಯ ಅಧ್ಯಕ್ಷೆ ಎದ್ದು ನಿಂತರು. ಇಷ್ಟು ತ್ಯಾಗ ಮಾಡಿದವರನ್ನು ಅಲ್ಲಿಂದ ಕರೆಸಿಕೊಂಡದ್ದೇ ತಪ್ಪು, ಓದು ಮುಗಿದ ಕೂಡಲೇ ಇವರನ್ನು ಇನ್ನು ಐದು ವರ್ಷಕ್ಕೆ ಅದೇ ದ್ವೀಪಕ್ಕೆ ಕಳಿಸೋಣ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಶ್ರೀಕಂಠನೂ ತಟ್ಟಿದ. ಧಾರವಾಡದಲ್ಲಿ ನನಗೆ ನಿಶ್ಚಯವಾಗಿದ್ದ ಸುಶೀಲಾ, ಅಲ್ಲಿಯ ಶಾಲೆಯ ಟೀಚರು, ಆಗಲೇ ಮೂರು ವರ್ಷ ಕಾದಿದ್ದಳು. ಮತ್ತೆ ಐದು ವರ್ಷ ಎಂದರೆ ಅವಳಪ್ಪ ಬೇರೆ ಗಂಡು ನೋಡುವುದು ಖಂಡಿತವಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಏನ್ ಮಾಡ್ಲೋ ಈಗ?" ಎಂದು ಕಾರಿನ ಹತ್ತಿರ ಶ್ರೀಕಂಠನನ್ನು ಕೇಳಿದೆ.

"ನಿಜ ಹೇಳ್ಬಿಡು. ಅದೊಂದು ಇನ್ನೂ ನೀನು ಟ್ರೈ ಮಾಡಿಲ್ಲ," ಎಂದ.

ಒಳಗೆ ಹೋಗಿ ಅಧ್ಯಕ್ಷೆಯ ಮುಂದೆ ಎಲ್ಲವನ್ನೂ ಒದರಿದೆ. ಅಜ್ಜಿಯ ಬೆನ್ನು, ಖಾಲಿ ಎಲೆ, ಸುಶೀಲಾ, ಯಾವುದನ್ನೂ ಮುಚ್ಚಿಡಲಿಲ್ಲ. ಆಕೆ ನಗುತ್ತ ನಗುತ್ತ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, "ಇಷ್ಟು ಪ್ರಾಮಾಣಿಕರೇ ನಮಗೆ ಬೇಕಾದದ್ದು," ಎಂದುಬಿಟ್ಟರು. ಆದರೂ ದ್ವೀಪದವರನ್ನು ಒಂದು ಮಾತು ಕೇಳೋಣ ಎಂದು, ನನ್ನ ಮದುವೆಯ ವಿಷಯವನ್ನೂ ತಿಳಿಸಿ ಪತ್ರ ಬರೆದರು. ಆ ದ್ವೀಪಕ್ಕೆ ಹಡಗು ಹೋಗುವುದೇ ಅಪರೂಪ. ನಾಲ್ಕು ತಿಂಗಳು ನಾನು ಬೆಳಿಗ್ಗೆ ಸಂಜೆ ಮಂಡಿಯೂರಿ, ದೇವರೇ, ಅವರು ಬೇಡ ಅನ್ನಲಿ ಎಂದು ಬೇಡಿಕೊಂಡೆ. ಅಂಥ ಶ್ರದ್ಧೆಯ ಪ್ರಾರ್ಥನೆ ಅದಕ್ಕೆ ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ.

ಕೊನೆಗೊಂದು ದಿನ ಉತ್ತರ ಬಂತು. ಅಧ್ಯಕ್ಷೆ ಅದರ ಪ್ರತಿಯನ್ನು ನನಗೆ ಕಳಿಸಿದರು. ಊರಿನ ಹಿರಿಯರು ಬರೆದಿದ್ದರು: "ಅವರು ಬಹಳ ಒಳ್ಳೆಯವರು, ನಮಗೆಲ್ಲ ಅವರ ಮೇಲೆ ಪ್ರೀತಿ. ನಿಮ್ಮ ಪತ್ರ ಓದಿದ ದಿನವೇ ಇಡೀ ಊರು ಸೇರಿ, ಅವರು ಮದುವೆಯಾಗಿ ತಮ್ಮ ಊರಿನಲ್ಲೇ ಸುಖವಾಗಿರಲಿ ಎಂದು ಮೂರು ದಿನ ಉಪವಾಸವಿದ್ದು ಪ್ರಾರ್ಥಿಸಿದೆವು." ನನಗೆ ಹೋದ ಜೀವ ಬಂದಂತಾಯಿತು. ಅಂದೇ ಧಾರವಾಡಕ್ಕೆ ತಂತಿ ಕೊಟ್ಟೆ. ಎರಡನೆಯ ಸಲ ಓದಿದಾಗ ಮಾತ್ರ, ಮೂರು ದಿನ ಸ್ವಲ್ಪ ಹೆಚ್ಚಾಯಿತೇನೋ ಅನ್ನಿಸಿತು.

ಅಂತೂ ಮದುವೆ ನಡೆಯಿತು. ಆ ಗಂಡಾಂತರದಿಂದ ನನ್ನನ್ನು ಪಾರುಮಾಡಿದ್ದು ನನ್ನ ಪ್ರಾರ್ಥನೆಯೇ ಎಂದು ನಾನು ಇವತ್ತಿಗೂ ಹೇಳುತ್ತೇನೆ. ಸುಶೀಲಾ ಮಾತ್ರ ಒಪ್ಪುವುದಿಲ್ಲ. "ದೇವರು ಅವರ ಮಾತು ಕೇಳ್ಯಾನ್ರಿ," ಎನ್ನುತ್ತಾಳೆ, "ನಿಮ್ಮಿಂದ ಪಾರು ಆಗ್ಬೇಕಾಗಿದ್ದು ಅವರಿಗಲ್ಲೇನು?"